ಅರವತ್ತನೆಯ ತುಂಡು

ನಾನು ಸಿಡುಕನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓದುತ್ತ ಓದುತ್ತ ನಿಮಗೆ ಬೇರೆ ಅಭಿಪ್ರಾಯ ಬರುವ ಸಾಧ್ಯತೆ ಇದೆ. ಬಂದರೆ ಅದು ನಿಮ್ಮ ತಪ್ಪು. ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹಿಂದೆ ಇಪ್ಪತ್ತಾರು ವರ್ಷದಿಂದ ಮಿಕ್ಸಿ, ಫ್ಯಾನು, ನೀರೆತ್ತುವ ಮೋಟಾರು ರಿಪೇರಿ ಮಾಡಿಕೊಂಡಿದ್ದೇನೆ. ಈ ಕಸುಬಿನಲ್ಲಿ ದನಿ ಸ್ವಲ್ಪ ಜೋರಿರಬೇಕಾಗುತ್ತದೆ. ಮೋಟಾರು ತಿರುಗುತ್ತಿರುವಾಗ ಪಿಸುಗುಟ್ಟಿದರೆ ಗಿರಾಕಿಗೆ ಕೇಳಿಸುವುದಿಲ್ಲ, ಅಷ್ಟೇ. ಜೋರು ದನಿ ಬೇರೆ, ಸಿಡುಕು ಬೇರೆ. ಈ ವ್ಯತ್ಯಾಸವನ್ನು ನನ್ನ ಹೆಂಡತಿ ರುಹೀನಾಳಿಗೆ ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದೇನೆ. ಜೋರಾಗಿಯೇ ಹೇಳುತ್ತಿದ್ದೇನೆ. ಆದರೂ ಅವಳ ತಲೆಗೆ ಹತ್ತಿಲ್ಲ.

ತಕರಾರು ಶುರುವಾದದ್ದು ಹೋದ ವರ್ಷದ ರಂಜಾನಿನಲ್ಲಿ. ನನ್ನ ಮಾವ ಪೀರ್‌ಸಾಬ್ ನ್ಯಾಮತಿಯವರು. ಗಾದಿ ಹೊಲಿಯುವ ಕಸುಬು. ಎಪ್ಪತ್ತು ದಾಟಿದರೂ ದಬ್ಬಳ ಬಿಟ್ಟಿಲ್ಲ, ಕನ್ನಡಕ ಹಾಕಿಲ್ಲ, ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿಲ್ಲ. ಪ್ರತಿ ರಂಜಾನಿನಲ್ಲಿ ಒಂದು ದಿನ ಮಗಳ ಮನೆಗೆ ಬಂದು ನಮ್ಮ ಜೊತೆ ರೋಜಾ, ಅಂದರೆ ದಿನದ ಉಪವಾಸ, ಬಿಡುವುದು ಅವರ ಪದ್ಧತಿ. ಇರುವುದೊಬ್ಬಳೇ ಮಗಳು. ಹೋದ ವರ್ಷವೂ ಬಂದರು. ಅಜಾನ್ ಆಯಿತು, ಖರ್ಜೂರ ತಿಂದೆವು, ನೀರು ಕುಡಿದೆವು, ಗಂಜಿಯ ಬಟ್ಟಲು ಎತ್ತಿದೆ. ಉಪ್ಪಿಲ್ಲ! ಬೆಳಗಿನಿಂದ ಹನಿ ನೀರು ಮುಟ್ಟದ ಮನುಷ್ಯ ಉಪ್ಪಿಲ್ಲದ ಗಂಜಿ ಬಾಯಿಗಿಟ್ಟರೆ ಏನಾದರೂ ಹೇಳುತ್ತಾನಲ್ಲವೇ? ನಾನೂ ಹೇಳಿದೆ. ಹೇಳುತ್ತ ಹೇಳುತ್ತ ಬಟ್ಟಲನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದೆ. (ಅದು ಗೋಡೆಯವರೆಗೂ ಹೋದದ್ದು ನೆಲ ನುಣುಪಾಗಿದ್ದುದರಿಂದ.) ಮಾವ ತಮ್ಮ ಪಾಲಿನ ಗಂಜಿಯನ್ನು ಪೂರ್ತಿ ಕುಡಿದು, ನಮಾಜಿಗೆ ಎದ್ದು ಹೋಗಿ, ಹಾಗೇ ನ್ಯಾಮತಿ ಬಸ್ಸು ಹತ್ತಿದರು. ಬಸ್ಸಿನಿಂದ ಮಗಳಿಗೆ ಫೋನ್ ಮಾಡಿ, "ಚಿಟಿಕೆ ಉಪ್ಪಿಗೆ ಇಷ್ಟು ಕೂಗೋ ಮನೆಗೆ ನಾನು ರೋಜಾ ಬಿಡಾಕೆ ಬರಲ್ಲವ್ವ" ಅಂದರಂತೆ.

ಈ ವರ್ಷ ರಂಜಾನ್ ಹತ್ತಿರ ಬಂದಂತೆ ರುಹೀನಾ ಇನ್ನಷ್ಟು ಮಂಕಾದಳು. ಮೂರು ಸಲ ಫೋನ್ ಮಾಡಿದರೂ ಮಾವ "ನೋಡಾನ" ಅಂದರಂತೆ. ನಮ್ಮ ಮಾವನ ಬಾಯಲ್ಲಿ "ನೋಡಾನ" ಅಂದರೆ "ಇಲ್ಲ" ಎಂದೇ ಅರ್ಥ.

"ಆವತ್ತು ಉಪ್ಪು ಸರಿಯಾಗಿ ಹಾಕಿದ್ರೆ ಇಷ್ಟೆಲ್ಲ ಆಗ್ತಿತ್ತಾ?" ಅಂದೆ, ಸಮಾಧಾನ ಹೇಳುವ ಉದ್ದೇಶದಿಂದ.

"ಆವತ್ತು ಗಾದ್ರಮ್ಮ ಊರಾಗಿರಲಿಲ್ಲ. ಜಗಳೂರಿಗೆ ಮಗಳ ಮನೆಗೆ ಹೋಗಿದ್ರು," ಅಂದಳು.

ಇದನ್ನು ಸ್ವಲ್ಪ ವಿವರಿಸಬೇಕು. ರೋಜಾ ಹಿಡಿದವರು ಅಡುಗೆಯ ರುಚಿ ನೋಡುವ ಹಾಗಿಲ್ಲ. ಆದ್ದರಿಂದ ರಂಜಾನಿನ ಮೂವತ್ತು ದಿನವೂ ನಮ್ಮ ಮನೆಯ ಉಪ್ಪು ನೋಡುವ ಅಧಿಕಾರ ಪಕ್ಕದ ಮನೆ ಗಾದ್ರಮ್ಮನದು. ಸಂಜೆ ಐದಕ್ಕೆ ರುಹೀನಾ ಕಾಂಪೌಂಡಿನ ಮೇಲಿನಿಂದ ಒಂದು ಚಮಚ ಚಾಚುತ್ತಾಳೆ, ಆಕೆ ಚಪ್ಪರಿಸಿ "ಇನ್ನೊಂಚೂರು" ಅಥವಾ "ಸರಿ ಐತೆ" ಅನ್ನುತ್ತಾರೆ. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ. ಅದಕ್ಕೂ ಮೊದಲು ನಮ್ಮ ಮನೆ ಸಾಸ್ವೆಹಳ್ಳಿಯಲ್ಲಿದ್ದಾಗ ಪಕ್ಕದಲ್ಲಿ ಕಲ್ಲಮ್ಮ ಅಂತ ಇದ್ದರು, ಅವರು ನೋಡುತ್ತಿದ್ದರು.

"ಗಾದ್ರಮ್ಮ ಇಲ್ಲದಿದ್ರೆ ನೀನೇ ನಾಲಿಗೆ ತುದಿಗೆ ಇಟ್ಟು ನೋಡಿ ಉಗುಳಬೇಕಿತ್ತಪ್ಪ. ಹಂಗೆ ಮಾಡಬೌದು ಅಂತ ಹಜರತ್ರೇ ಹೇಳ್ಯಾರೆ."

"ಹೇಳ್ಯಾರೆ. ಎಂಥಾ ಹೆಂಗಸಿಗೆ ಆ ಮಾಫಿ ಅಂತಾನೂ ಹೇಳ್ಯಾರೆ. ನೆನಪೈತಾ?"

ನೆನಪಿತ್ತು. ಗಂಡ ಸಿಡುಕನಾಗಿದ್ದು, ಉಪ್ಪು ಹೆಚ್ಚುಕಡಿಮೆಯಾದರೆ ಹಾರಾಡುವವನಾಗಿದ್ದರೆ, ಅಂಥವನ ಹೆಂಡತಿ ಪಾಪ ನಾಲಿಗೆ ತುದಿಗೆ ಮುಟ್ಟಿಸಿ, ನುಂಗದೆ ಉಗುಳಿ, ಉಪ್ಪು ನೋಡಿಕೊಳ್ಳಬಹುದು. ಹಜರತರು, ಅಂದರೆ ನಮ್ಮ ಮಸೀದಿಯ ಇಮಾಮರು, ಇದನ್ನು ಹೇಳಿದ ದಿನ ನಾನೂ ಅಲ್ಲೇ ಕೂತಿದ್ದೆ. ಎಷ್ಟೋ ಜನ ತಿರುಗಿ ನನ್ನ ಕಡೆ ಯಾಕೆ ನೋಡಿದರೋ ಇವತ್ತಿಗೂ ತಿಳಿದಿಲ್ಲ.

"ಹಂಗಾದ್ರೆ ನಾನು ಸಿಡುಕನಾ?" ಅಂದೆ. (ಕಪಾಟಿನ ಮೇಲಿದ್ದ ಲೋಟ ಯಾಕೋ ಕೆಳಗೆ ಬಿತ್ತು.)

"ನಾನು ಹಂಗಂದ್ನಾ? ಅದಕ್ಕೇ ಇಪ್ಪತ್ತೆರಡು ವರ್ಷದಾಗೆ ಒಂದು ದಿನಾನೂ ನಾನು ನೋಡಿಲ್ಲ. ನೋಡಿದ್ರೆ ನೀವು ಹಂಗೇ ಅಂತ ಒಪ್ಕೊಂಡಂಗೆ ಆಗ್ತೈತೆ." ರುಹೀನಾ ಲೋಟ ಎತ್ತಿಟ್ಟಳು. "ಒಂದು ಕೆಲಸ ಮಾಡ್ರಿ. ಅಬ್ಬಾನ್ನ ಹೆಂಗಾರ ಮಾಡಿ ನಾನು ಕರೆಸ್ತೀನಿ. ಆವತ್ತು ಅಡಿಗೆ ನೀವು ಮಾಡ್ರಿ. ರೋಜಾ ಹಿಡಿದು, ನಾಲಿಗೆಗೆ ಇಡದೆ. ಉಪ್ಪು ಹದ ಬಂತೋ, ಹೋದ ವರ್ಷದ ತಪ್ಪು ನಂದು ಅಂತ ಅಬ್ಬಾರ ಮುಂದೆ ನಾನು ಹೇಳ್ತೀನಿ. ಬರಲಿಲ್ವೋ, ತಪ್ಪು ನಂದು ಅಂತ ನೀವು ಹೇಳ್ರಿ."

"ಅಮ್ಮೀ, ಇದು ಬರ್ಕೊಳ್ಳಾಣ," ಅಂದಳು ಮಗಳು ನುಜಹತ್. ಬಿ.ಕಾಂ. ಎರಡನೇ ವರ್ಷ, ಎಲ್ಲದಕ್ಕೂ ಬರಹದ ಪುರಾವೆ ಬೇಕು.

ಮಾವ ಹನ್ನೆರಡನೇ ರೋಜಾ ಸೋಮವಾರ ಬರುವುದಾಗಿ ಒಪ್ಪಿದರು. ಇನ್ನು ಏನು ಮಾಡುವುದು ಎಂಬ ಪ್ರಶ್ನೆ. ನುಜಹತ್ ಬಿರಿಯಾನಿ ಅಂದಳು. ಬಿರಿಯಾನಿ ಮಾಡುವಷ್ಟು ದಡ್ಡ ನಾನಲ್ಲ. ಬಿರಿಯಾನಿ ಎಂದರೆ ಹೊನ್ನಾಳಿಯ ಪ್ರತಿಯೊಬ್ಬನೂ ನ್ಯಾಯಾಧೀಶ, "ಹಿಂಗಲ್ಲ, ಹಂಗೆ" ಎಂದು ತೀರ್ಪು ಕೊಡಲು ಸಿದ್ಧ. ಯಾರೂ ತಿಂದೇ ಇಲ್ಲದ ವಸ್ತು ಮಾಡಬೇಕು. ಆಗ "ಇದು ಇರೋದೇ ಹಿಂಗೆ" ಎಂದು ಬಾಯಿ ಮುಚ್ಚಿಸಬಹುದು. ಮಗಳ ಮೊಬೈಲಿನಲ್ಲಿ ಅಂಥದ್ದು ಸಿಕ್ಕಿತು: ಯಾವುದೋ ದೇಶದ ಸಮುದ್ರ ದಂಡೆಯಲ್ಲಿ ಒಬ್ಬ ದಢೂತಿ ಮನುಷ್ಯ ಸೀಗಡಿ ಕರಿದು, ಮೊಳದುದ್ದ ಬನ್ನು ಸೀಳಿ, ಒಳಗೆ ಬಿಳಿ ಸಾಸು ಬಳಿದು, ಎಲೆಕೋಸು ಹರವಿ, ಸೀಗಡಿ ತುಂಬಿ, ಬನ್ನಿನ ಬಾಯಿ ಮುಚ್ಚದೆ ಒದ್ದಾಡುತ್ತಿದ್ದ. ನೋಡಿದ ಕೂಡಲೇ ತೀರ್ಮಾನಿಸಿದೆ. ಒಂದೇ ಬದಲಾವಣೆ, ಸೀಗಡಿ ಬದಲು ಸಮುದ್ರದ ಮೀನು. (ಸೀಗಡಿ ತಿನ್ನಬಹುದೋ ಬಾರದೋ ಎಂಬುದರಲ್ಲಿ ನಮ್ಮ ಹಿರಿಯರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮಾವನವರದು ಯಾವುದೋ ಗೊತ್ತಿರಲಿಲ್ಲ, ಕೇಳುವ ಪರಿಸ್ಥಿತಿಯಲ್ಲೂ ನಾನಿರಲಿಲ್ಲ.)

ಸೋಮವಾರ ಬೆಳಿಗ್ಗೆ ಅಂಗಡಿ ತೆರೆದು ಒಂದು ಗಂಟೆಯಾದರೂ ಕೂರೋಣವೆಂದರೆ ಒಬ್ಬ ಗಿರಾಕಿ ಸುಟ್ಟ ಮಿಕ್ಸಿ ತಂದ. ಮೂರು ತಿಂಗಳ ಹಿಂದೆ ನಾನೇ ಕಾಯಿಲ್ ಕಟ್ಟಿಕೊಟ್ಟದ್ದು. ಸಣ್ಣ ಜಾರಿನಲ್ಲಿ ಅರಿಶಿನ ಕೊಂಬು ಹಾಕಿ ತಿರುಗಿಸಿದ್ದಾನೆ! ಅವನಿಗೆ ತಿಳಿವಳಿಕೆ ಹೇಳುತ್ತಿದ್ದೆ. ಎದುರಿನ ಚಪ್ಪಲಿ ಅಂಗಡಿಯವನೂ ಹೊರಗೆ ಬಂದು ಕೇಳಿಸಿಕೊಳ್ಳುವಷ್ಟು ಸ್ಪಷ್ಟವಾಗಿ ಹೇಳುತ್ತಿದ್ದೆ. ಹೇಳಿ ಮುಗಿಸಿ ತಿರುಗಿದರೆ ಮೆಟ್ಟಿಲ ಮೇಲೆ ಹಜರತರು ನಿಂತಿದ್ದಾರೆ, ತಮ್ಮ ಮಿಕ್ಸಿ ಒಯ್ಯಲು ಬಂದವರು.

"ನಿಧಾನ, ಇಲಿಯಾಸ್ ಭಾಯಿ. ರೋಜಾ ಐತೆ," ಅಂದರು.

"ನಾನು ನಿಧಾನವಾಗೇ ಇದೀನಿ ಹಜರತ್!" ಅಂದೆ. ಅವರು ಮಿಕ್ಸಿ ಎದೆಗಪ್ಪಿಕೊಂಡು ಹೊರಟರು.

ಅಲ್ಲಿಂದ ಸೇತುವೆ ಹತ್ತಿರದ ದಾಸಪ್ಪನ ಮೀನಿನಂಗಡಿಗೆ ಹೋದೆ. ನಮ್ಮೂರಲ್ಲಿ ಹೊಳೆ ಮೀನಿಗೇನೂ ಬರವಿಲ್ಲ, ಆದರೆ ಅದರ ಮುಳ್ಳು ತೆಗೆಯುವಷ್ಟರಲ್ಲಿ ಈದ್ ಬಂದುಬಿಡುತ್ತದೆ. ಸಮುದ್ರದ ಮೀನು ಸೋಮವಾರ ಐಸಿನ ಗಾಡಿಯಲ್ಲಿ ಬರುತ್ತದೆ.

"ಅಂಜಲ್. ಮುಳ್ಳು, ಚರ್ಮ ತೆಗೆದು ಬೆರಳುದ್ದ ತುಂಡು ಮಾಡು. ಅರವತ್ತು ತುಂಡು. ಐವತ್ತೊಂಬತ್ತೂ ಅಲ್ಲ, ಅರವತ್ತೊಂದೂ ಅಲ್ಲ," ಅಂದೆ. ಹತ್ತು ಬನ್ನು, ಬನ್ನಿಗೆ ಆರು ತುಂಡು. ಐದು ಬನ್ನು ಮಸೀದಿಗೆ, ನಾಲ್ಕು ಮನೆಗೆ, ಒಂದು ಗಾದ್ರಮ್ಮನಿಗೆ. ಕೆಲಸ ಅಂದರೆ ಹೀಗೆ ಲೆಕ್ಕದಲ್ಲಿರಬೇಕು.

"ಮೀನೇನು ಸ್ಕ್ರೂನಾ ಸಾಬ್ರೇ, ಎಣಿಸಿ ಕೊಡಾಕೆ?" ಅಂದ ದಾಸಪ್ಪ. ಆದರೂ ಎಣಿಸಿದ. ನಾನು ಇನ್ನೊಂದು ಸಲ ಎಣಿಸುವ ತನಕ ಕಾದ. ಆಮೇಲೆ ಚೀಲದಲ್ಲಿ ಹಾಕಿ ಒಳಗೆ ಒಯ್ದು ಏನೋ ಮಾಡಿ ತಂದು ಕೈಗಿತ್ತ. "ಒಂದು ಮಾತು ಸಾಬ್ರೇ, ಬಿಸಿಲು ಜೋರೈತೆ ಅಂತ ನಾನು ಇದಕ್ಕೆ..."

"ದಾಸಪ್ಪ, ಮೀನು ಕೊಯ್ಯೋದು ನಿನ್ನ ಕೆಲಸ. ಅಡಿಗೆ ನನ್ನ ಕೆಲಸ. ನನಗೆ ಹೇಳಿಕೊಡಬ್ಯಾಡ."

"ಅಲ್ಲ ಸಾಬ್ರೇ, ಇದಕ್ಕೆ ನಾನು..."

"ಬ್ಯಾಡ ಅಂದೆ!"

ದಾಸಪ್ಪ ಸುಮ್ಮನಾದ. ಒಂದು ಮಾತಿಗೆ ಸುಮ್ಮನಾಗುವ ಜನ ಊರಲ್ಲಿ ಇನ್ನೂ ಇದ್ದಾರಲ್ಲ ಎಂದು ಸಂತೋಷವಾಯಿತು.

ಮಧ್ಯಾಹ್ನ ಮೂರಕ್ಕೆ ರುಹೀನಾಳನ್ನೂ ನುಜಹತಳನ್ನೂ ಅಡುಗೆಮನೆಯಿಂದ ಹೊರಹಾಕಿ ಸರ್ವಾಧಿಕಾರ ವಹಿಸಿಕೊಂಡೆ. ಉಪ್ಪಿನ ವಿಷಯದಲ್ಲಿ ಹೆಂಗಸರು ಕೈ ಅಳತೆ, ಕಣ್ಣಳತೆ ಎನ್ನುತ್ತಾರೆ. ನಾನು ಅಂಗಡಿಯಿಂದ ತಾಮ್ರದ ತಂತಿ ತೂಗುವ ಪುಟ್ಟ ತಕ್ಕಡಿ ತಂದಿದ್ದೆ. ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ. ವಿಡಿಯೊದವನು ಹೇಳಿದ ಅಳತೆಗೆ ನಮ್ಮ ಮೀನಿನ ತೂಕ ಹೊಂದಿಸಿ, ಉಪ್ಪು ತೂಗಿ, ಖಾರದಪುಡಿ, ಶುಂಠಿ ಬೆಳ್ಳುಳ್ಳಿ, ನಿಂಬೆರಸ ಸೇರಿಸಿ ಅರವತ್ತು ತುಂಡಿಗೂ ಸವರಿದೆ. ಮೀನು ಆಗಲೇ ಸ್ವಲ್ಪ ಹಳದಿ ಕಂಡಿತು. ಸಮುದ್ರದ ಮೀನು, ಸಮುದ್ರದ ಬಣ್ಣ ಅಂದುಕೊಂಡೆ.

ಇನ್ನು ರಸ್ಕು ಪುಡಿ ಮಾಡಬೇಕು. "ಮಿಕ್ಸಿ ಎಲ್ಲಿ?" ಎಂದು ಕೂಗಿದೆ.

"ಎಂಟು ತಿಂಗಳಿಂದ ನಿಮ್ಮ ಅಂಗಡಿಯಾಗೈತೆ," ಎಂದು ಹೊರಗಿನಿಂದ ರುಹೀನಾ ಹೇಳಿದಳು. "ಊರಿನ ಮಿಕ್ಸಿಗಳೆಲ್ಲ ತಿರುಗ್ತವೆ, ನಮ್ಮನೇದೊಂದು ಬಿಟ್ಟು."

ರಸ್ಕನ್ನು ಲಟ್ಟಣಿಗೆಯಲ್ಲಿ ಪುಡಿ ಮಾಡಿದೆ. ಲಟ್ಟಣಿಗೆಯಲ್ಲೇ ಚೆನ್ನಾಗಿ ಆಗುತ್ತದೆ, ಮಿಕ್ಸಿಯ ಅಗತ್ಯವೇ ಇರಲಿಲ್ಲ.

ನಾಲ್ಕೂವರೆಗೆ ಕಾಂಪೌಂಡಿನ ಹತ್ತಿರ ಹೋದೆ. ತಕ್ಕಡಿಯ ಮೇಲೆ ನಂಬಿಕೆ ಇರಲಿಲ್ಲವೆಂದಲ್ಲ, ಸರ್ಕಾರಿ ಕೆಲಸಕ್ಕೂ ಇನ್ನೊಬ್ಬರ ಸಹಿ ಬೇಕಲ್ಲ.

"ಗಾದ್ರಮ್ಮ, ಇವತ್ತು ಒಂದು ಉಪ್ಪು ನೋಡಬೇಕಿತ್ತು."

"ತರ್ರಿ ಸಾಬ್ರೇ, ಅದಕ್ಕೇನು. ಗಂಜೀನಾ?"

"ಮೀನು. ಒಂದು ತುಂಡು ಕರಿದು ತರ್ತೀನಿ."

"ಅಯ್ಯೋ, ಇವತ್ತು ಸೋಮಾರ! ನಾನು ಸೋಮಾರ ಮೀನು ಮುಟ್ಟಾಕಿಲ್ಲ."

ಈ ಸೋಮವಾರ ನನ್ನ ಯೋಜನೆಯಲ್ಲೇ ಇರಲಿಲ್ಲ. "ನುಂಗಬ್ಯಾಡ್ರಿ. ನಾಲಿಗೆ ತುದಿಗೆ ಇಟ್ಟು ಉಗುಳ್ರಿ."

"ಅದು ನಿಮ್ಮ ಕಡೆ ಇರೋ ಮಾಫಿ ಸಾಬ್ರೇ. ನಮ್ಮ ದೇವ್ರಿಗೆ ನಾಲಿಗೆ ತುದೀನೂ ಒಂದೇ, ಹೊಟ್ಟೇನೂ ಒಂದೇ."

"ಹೋಗ್ಲಿ, ವಾಸನೆ ನೋಡಿ ಹೇಳ್ರಿ."

"ವಾಸನೇಲಿ ಉಪ್ಪು ಹೆಂಗೆ ಗೊತ್ತಾಗ್ತೈತೆ? ನೀವು ಮಿಕ್ಸೀನ ವಾಸನೆ ನೋಡಿ ರಿಪೇರಿ ಮಾಡ್ತೀರಾ?" (ಮಾಡುತ್ತೇವೆ. ಕಾಯಿಲ್ ಸುಟ್ಟದ್ದು ಮೊದಲು ಮೂಗಿಗೇ ತಿಳಿಯುವುದು. ಆದರೆ ಇದನ್ನೆಲ್ಲ ಈಕೆಗೆ ಯಾರು ಹೇಳುತ್ತಾರೆ?) "ಒಂದು ಕೆಲಸ ಮಾಡ್ರಿ, ನನ್ನ ಪಾಲಿಂದು ಫ್ರಿಜ್‌ನಾಗೆ ಎತ್ತಿಡ್ರಿ. ನಾಳೆ ತಿಂದು ಉಪ್ಪು ಹೆಂಗಿತ್ತು ಅಂತ ಹೇಳ್ತೀನಿ."

ನಾಳೆ! ನನ್ನ ಮಾನ ಇವತ್ತು ಆರೂವರೆಗೆ ಪರೀಕ್ಷೆಗೆ ಕೂರುತ್ತದೆ, ಈಕೆ ಫಲಿತಾಂಶ ನಾಳೆ ಕೊಡುತ್ತಾರಂತೆ! ಈ ಮಾತನ್ನು ನಾನು ಆಡಿದ ರೀತಿಗೆ ಗಾದ್ರಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಮ್ಮ ಬಾಗಿಲ ಹತ್ತಿರ ನಿಂತಿದ್ದ ರುಹೀನಾ ಎಲ್ಲ ಕೇಳಿಸಿಕೊಂಡಳು ಅಂತ ಕಾಣುತ್ತದೆ.

ಮೀನಿನ ಬೋಗುಣಿ ಮುಚ್ಚಿಟ್ಟು ಬೇಕರಿಗೆ ಓಡಿದೆ. ಉದ್ದನೆಯ ಬನ್ನು ಹತ್ತು ಬೇಕೆಂದು ಭಾನುವಾರವೇ ಹೇಳಿದ್ದೆ, ಚಿತ್ರವನ್ನೂ ತೋರಿಸಿದ್ದೆ. ಬೇಕರಿಯವನು ಇಪ್ಪತ್ತು ದುಂಡು ಬನ್ನನ್ನು ಎರಡೆರಡಾಗಿ ಅಂಟಿಸಿ ಸುಟ್ಟಿಟ್ಟಿದ್ದ.

"ಇದು ಉದ್ದನೇದಾ?"

"ಎರಡು ಸೇರಿದ್ರೆ ಉದ್ದಾನೇ ಅಲ್ವಾ ಭಾಯಿ?"

ಇಂಥ ಪ್ರಶ್ನೆಗೆ ಉತ್ತರ ಹೇಳಲು ಇಪ್ಪತ್ತೈದು ನಿಮಿಷ ಬೇಕಾಯಿತು. ಉತ್ತರ ಹೇಳಿ, ಅವೇ ಬನ್ನುಗಳನ್ನು ಕಟ್ಟಿಸಿಕೊಂಡು ಮನೆಗೆ ಬಂದರೆ ಗಂಟೆ ಐದೂಕಾಲು. ರುಹೀನಾ ಹಾಲಿನಲ್ಲಿ ಜಪಮಣಿಯ ತಸ್ಬೀಹ್ ಹಿಡಿದು ಕೂತಿದ್ದಳು, ನುಜಹತ್ ಖರ್ಜೂರದ ಬೀಜ ತೆಗೆಯುತ್ತಿದ್ದಳು. ಇಬ್ಬರೂ ಇಷ್ಟು ಶಾಂತವಾಗಿ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಎಣ್ಣೆ ಕಾಯಿಸಿದೆ. ಮೀನನ್ನು ಮೈದಾದಲ್ಲಿ ಹೊರಳಿಸಿ, ಮೊಟ್ಟೆಯಲ್ಲಿ ಅದ್ದಿ, ರಸ್ಕಿನ ಪುಡಿ ಹತ್ತಿಸಿ ಬಿಟ್ಟೆ. ಚುಂಯ್ ಎಂದು ಬಂಗಾರದ ಬಣ್ಣಕ್ಕೆ ತಿರುಗಿ ತೇಲಿದವು ನೋಡಿ, ಆಹಾ! ಮೊದಲ ಎರಡು ತುಂಡು ಮಾತ್ರ ಪುಡಿ ಎಲ್ಲ ಬಾಣಲೆಗೆ ಬಿಟ್ಟುಕೊಟ್ಟು ಬೆತ್ತಲೆಯಾಗಿ ಎದ್ದವು. ಉಳಿದವು ಚೆನ್ನಾಗಿ ಬಂದವು. ಕರಿಯುತ್ತ ಎಣಿಸಿದೆ. ಐವತ್ತೊಂಬತ್ತು. ಮತ್ತೆ ಎಣಿಸಿದೆ. ಐವತ್ತೊಂಬತ್ತು.

"ಒಂದು ತುಂಡು ಎಲ್ಲಿ?" ಎಂದು ಹಾಲಿಗೆ ಬಂದೆ. "ಅರವತ್ತಿದ್ವು! ಬೋಗುಣಿ ಮುಚ್ಚಿ ಹೋಗಿದ್ದೆ!"

ರುಹೀನಾ ತಸ್ಬೀಹಿನ ಮಣಿ ಎರಡೆರಡಾಗಿ ಎಳೆದಳು. ನುಜಹತ್ ಬೀಜ ತೆಗೆದಿದ್ದ ಖರ್ಜೂರದಲ್ಲಿ ಮತ್ತೆ ಬೀಜ ಹುಡುಕಿದಳು.

"ಗಾದ್ರಮ್ಮನ ಬೆಕ್ಕು ಬಂದಿತ್ತು ಅಬ್ಬಾ," ಅಂದಳು ಕೊನೆಗೆ.

"ಬೋಗುಣಿ ಮುಚ್ಚಳ ತೆಗೆದು, ಒಂದೇ ತುಂಡು ತಿಂದು, ಮತ್ತೆ ಮುಚ್ಚಿ ಹೋಯ್ತಾ?"

"ರಂಜಾನ್ ಅಲ್ವಾ, ಅದಕ್ಕೇ ಒಂದೇ ತಿಂದಿರಬೇಕು," ಅಂದಳು ರುಹೀನಾ.

ಬೆಕ್ಕಿನ ವಿಚಾರಣೆಗೆ ಸಮಯವಿರಲಿಲ್ಲ. ಬನ್ನು ಸೀಳಿ, ಸಾಸು ಬಳಿದು, ಎಲೆಕೋಸು, ಈರುಳ್ಳಿ, ಟೊಮೆಟೊ ಇಟ್ಟು ಮೀನು ತುಂಬಿದೆ. ಒಂಬತ್ತಕ್ಕೆ ಆರಾರು, ಒಂದಕ್ಕೆ ಐದು. ಐದರದ್ದನ್ನು ಗಾದ್ರಮ್ಮನಿಗೆ ಎತ್ತಿಟ್ಟೆ. ಅವರ ಬೆಕ್ಕು ತಿಂದದ್ದಕ್ಕೆ ಅವರೇ ಹೊಣೆ. ಐದು ಬನ್ನನ್ನು ತಟ್ಟೆಯಲ್ಲಿಟ್ಟು ಮಸೀದಿಗೆ ಕೊಟ್ಟು ಬಂದೆ. ಅಷ್ಟರಲ್ಲಿ ಮಾವ ಬಂದಿದ್ದರು, ಕಂಕುಳಲ್ಲಿ ಮೊಮ್ಮಗಳಿಗೆಂದು ಹೊಲಿದ ಹೊಸ ದಿಂಬು. ನನ್ನ ಸಲಾಮಿಗೆ ಸಲಾಂ ಹೇಳಿ, ಊಟಕ್ಕೆ ಹಾಸಿದ್ದ ದಸ್ತರಖಾನಿನ ಮೇಲೆ ಬನ್ನು ನೋಡಿ ಹುಬ್ಬೇರಿಸಿದರು.

"ಅಡಿಗೆ ಇವತ್ತು ಇವರದು ಅಬ್ಬಾ," ಅಂದಳು ರುಹೀನಾ.

ಅಜಾನ್ ಆಯಿತು. ಖರ್ಜೂರ, ನೀರು. ಆಮೇಲೆ ಮಾವ ಬನ್ನನ್ನು ಎರಡು ಕೈಯಲ್ಲಿ ಎತ್ತಿ, ಗಾದಿಯ ಹತ್ತಿ ನೋಡುವ ಹಾಗೆ ಅಮುಕಿ ನೋಡಿ, ಕಚ್ಚಿದರು. ನನ್ನ ಎದೆ ಹಳೆ ಮೋಟಾರಿನಂತೆ ಗುಂಯ್‌ಗುಡುತ್ತಿತ್ತು. ಅಗಿದರು. ನುಂಗಿದರು. ಸಾಸು ಗಡ್ಡಕ್ಕೆ ಹತ್ತಿತು, ಒರೆಸಿಕೊಂಡರು.

"ಉಪ್ಪು ಹದವಾಗೈತೆ," ಅಂದರು.

ಉಪ್ಪು ಹದವಾಗೈತೆ! ನಾನೂ ಕಚ್ಚಿದೆ. ಗರಿಗರಿ, ಒಳಗೆ ಬೆಣ್ಣೆಯಷ್ಟು ಮೆತ್ತಗೆ, ಉಪ್ಪು ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮೆಯಿಲ್ಲ. ತಕ್ಕಡಿಗೆ ಮನಸ್ಸಿನಲ್ಲೇ ಸಲಾಂ ಹೊಡೆದೆ. ರುಹೀನಾ ತನ್ನ ಮಾತು ಉಳಿಸಿಕೊಂಡಳು. "ಹೋದ ವರ್ಷದ ತಪ್ಪು ನಂದೇ ಅಬ್ಬಾ. ಉಪ್ಪು ನಾನೇ ಮರ್ತಿದ್ದೆ," ಅಂದಳು. ನಾನು ದೊಡ್ಡ ಮ‌ನಸ್ಸು ಮಾಡಿ, "ಹೋಗ್ಲಿ ಬಿಡು, ಎಲ್ಲಾರ ಕೈಲೂ ತಪ್ಪಾಗ್ತೈತೆ," ಅಂದೆ. ನುಜಹತ್ ಯಾಕೋ ನನ್ನನ್ನು ದುರುಗುಟ್ಟಿ ನೋಡಿದಳು. ಇದೇ ಕೊನೆಯಾಗಿದ್ದರೆ ಈ ಕಥೆಯನ್ನು ನಾನು ಎಷ್ಟು ಸಂತೋಷದಿಂದ ಹೇಳುತ್ತಿದ್ದೆ!

ಮಾವನ ಜೊತೆ ಮಗ್ರಿಬ್‌ನ ಸಂಜೆ ನಮಾಜಿಗೆ ಮಸೀದಿಗೆ ಹೋದೆ. ನಮಾಜು ಮುಗಿಸಿ ಹೊರಗೆ ಬರುತ್ತಿದ್ದೆವು. ಹತ್ತು ಹನ್ನೆರಡು ಜನ ಅಲ್ಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಹಜರತರು ನನ್ನ ಹೆಗಲ ಮೇಲೆ ಕೈ ಇಟ್ಟರು.

"ಮಾಶಾ ಅಲ್ಲಾಹ್, ಇಲಿಯಾಸ್ ಭಾಯಿ! ಮೀನು ಬಹಳ ಚೆನ್ನಾಗಿತ್ತು. ಉಪ್ಪಂತೂ ಹದ ಅಂದ್ರೆ ಹದ."

ನಾನು ತಲೆ ತಗ್ಗಿಸಿ, ಕೀರ್ತಿ ಬಂದವರು ತಗ್ಗಿಸುವಂತೆ, ನಿಂತೆ.

"ಮನೆಯವರಿಗೆ ಹೇಳ್ರಿ, ಅವರ ರೋಜಾಕ್ಕೆ ಏನೂ ಆಗಿಲ್ಲ ಅಂತ. ಫೋನಿನಾಗೆ ಪಾಪ ಬಹಳ ಹೆದರಿದ್ರು."

"ಯಾಕೆ ಹೆದರಿದ್ರು ಹಜರತ್?"

"ಐದು ಗಂಟೆ ಹೊತ್ತಿಗೆ ಒಂದು ಹೆಣ್ಮಗಳ ಫೋನ್ ಬಂತು. ಉಪ್ಪು ನೋಡಬೌದಾ ಅಂತ. ಗಂಡ ಸಿಡುಕನಾಗಿದ್ರೆ ಮಾತ್ರ ಮಾಫಿ ಐತವ್ವ, ನಿನ್ನ ಗಂಡ ಹೆಂಗೆ ಅಂದೆ. ಆಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಸುಮ್ಮನಾದ್ಲು. ಯಾರ ಮನೆಯವ್ವ ನೀನು ಅಂದೆ. ಮಿಕ್ಸಿ ರಿಪೇರಿ ಇಲಿಯಾಸರ ಮನೆ ಅಂದ್ಲು." ಹಜರತರು ನಕ್ಕರು, ತುಂಬ ಪ್ರೀತಿಯಿಂದಲೇ. "ಹಂಗಾದ್ರೆ ಕೇಳೋದೇನೈತೆ, ನೋಡವ್ವ ನೋಡು ಅಂದೆ."

ಚಪ್ಪಲಿ ಹಾಕಿಕೊಳ್ಳುತ್ತಿದ್ದವರೆಲ್ಲ ಹೌದೌದು ಎನ್ನುವಂತೆ ತಲೆ ಆಡಿಸಿದರು. ಅವರಲ್ಲಿ ಬೆಳಗಿನ ಅರಿಶಿನ ಕೊಂಬಿನ ಗಿರಾಕಿಯೂ ಇದ್ದ. ಬೇಕರಿಯವನೂ ಇದ್ದ. ಯಾರೊಬ್ಬರೂ "ಛೇ, ಇಲಿಯಾಸ್ ಭಾಯಿ ಅಂಥವರಲ್ಲ" ಅನ್ನಲಿಲ್ಲ. ಕೂಗಬೇಕೆನಿಸಿತು. ಆದರೆ ನೀವೇ ಯೋಚಿಸಿ, ನಾನು ಸಿಡುಕನಲ್ಲ ಎಂದು ಅಲ್ಲಿ ಕೂಗುವುದು ಹೇಗೆ? ಬಾಯಿ ಮುಚ್ಚಿಕೊಂಡು ಮಾವನ ಹಿಂದೆ ನಡೆದೆ.

ಅಡುಗೆಮನೆಯಲ್ಲಿ ರುಹೀನಾ ಬಾಣಲೆ ಉಜ್ಜುತ್ತಿದ್ದಳು.

"ಅರವತ್ತನೇ ತುಂಡು ಬೆಕ್ಕು ತಿಂತಾ?" ಅಂದೆ.

ಅವಳಿಗೆ ತಿಳಿದುಹೋಯಿತು. "ತಿಂತು. ನಾನು ನಾಲಿಗೆ ತುದಿಗೆ ಮುಟ್ಟಿಸಿದ ಮೇಲೆ ಅದಕ್ಕೇ ಹಾಕಿದೆ. ಅದೂ ತಿನ್ನಾಕೆ ಹಿಂದೆಮುಂದೆ ನೋಡ್ತು, ಅಷ್ಟು ಉಪ್ಪಿತ್ತು!"

"ತೂಗಿ ಹಾಕಿದ್ದೆ!"

"ನೀವು ತೂಗಿ ಹಾಕಿದ್ರಿ, ದಾಸಪ್ಪ ತೂಗದೆ ಹಾಕಿದ್ದ. ಬಿಸಿಲಿಗೆ ಕೆಡಬಾರದು ಅಂತ ಉಪ್ಪು ಅರಿಶಿನ ತಿಕ್ಕಿ ಕೊಟ್ಟಿದ್ನಂತೆ. ನೀವು ಕೇಳಿಸ್ಕೊಳ್ಳಲಿಲ್ವಂತೆ. ಅದನ್ನ ಹೇಳಾಕೆ ಅಂತಾನೇ ಪಾಪ ಇಲ್ಲೀತನಕ ಬಂದಿದ್ದ, ನೀವು ಬೇಕರಿಗೆ ಹೋಗಿದ್ರಿ. ಒಂದು ಕರಿದು ನೋಡಿದೆ, ಬಾಯಿಗಿಡಂಗಿರಲಿಲ್ಲ. ಮೂರು ನೀರಿನಾಗೆ ತೊಳೆದು, ಒಳಗಿಳಿದ ಉಪ್ಪೇ ಸಾಕು ಅಂತ ನಾನೂ ನುಜಹತ್ತೂ ಮತ್ತೆ ಖಾರ ಮಾತ್ರ ಕಲಸಿ ಇಟ್ವಿ."

"ಇಪ್ಪತ್ತೆರಡು ವರ್ಷ ನೋಡದೇ ಇದ್ದೋಳು..."

"ಅಬ್ಬಾರ ಮುಂದೆ ನಿಮ್ಮ ಮಾನ ಹೋಗಬಾರದು ಅಂತ ನೋಡಿದೆ. ಮತ್ತಿನ್ಯಾಕೆ?" ಎಂದು ಬಾಣಲೆಯ ಕಡೆ ತಿರುಗಿದಳು.

ನನಗೆ ನಾಚಿಕೆಯಾಯಿತು. ಇದನ್ನು ಬರೆಯಲು ಕೈ ಓಡುತ್ತಿಲ್ಲ, ಆದರೂ ಬರೆಯುತ್ತೇನೆ. ನನ್ನ ಗೆಲುವನ್ನು ತಾನೇ ಕಲಸಿಟ್ಟು, ಸೋತವಳ ಮಾತನ್ನೂ ತಾನೇ ಆಡಿದ್ದಾಳೆ. ನಾನು "ಎಲ್ಲಾರ ಕೈಲೂ ತಪ್ಪಾಗ್ತೈತೆ" ಎಂದು ಕ್ಷಮಿಸಿ ಕೂತಿದ್ದೇನೆ. ಹಾಲಿಗೆ ಬಂದು ಮಾವನ ಎದುರು ಕೂತೆ. "ಹೋದ ವರ್ಷದ ತಪ್ಪು ನಂದು ಮಾಮು. ಇವತ್ತಿಂದೂ ನಂದೇ," ಅಂದೆ. ಮಾವ ನನ್ನನ್ನೇ ನೋಡಿದರು. "ಹೂಂ," ಅಂದರು.

ಇಲ್ಲಿಗೆ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಆದರೆ ಮಸೀದಿಯ ಬಾಗಿಲಲ್ಲಿ ಆಡಿದ ಆ ಹನ್ನೆರಡು ತಲೆಗಳು ಕಣ್ಣ ಮುಂದೆಯೇ ಆಡುತ್ತಿದ್ದವು. "ಆದ್ರೆ ಒಂದು ಮಾತು ಮಾಮು," ಅಂದೆ, "ನಾನು ಸಿಡುಕ ಅಲ್ಲ. ಅದಕ್ಕೇ ನಾಳೆಯಿಂದ ಈ ಮನೆಯಾಗೆ ಯಾರೂ ರುಚಿ ನೋಡೋದು ಬ್ಯಾಡ. ರುಹೀನಾನೂ ಬ್ಯಾಡ, ಗಾದ್ರಮ್ಮನೂ ಬ್ಯಾಡ. ಉಪ್ಪು ಹೆಂಗೇ ಇರಲಿ, ನಾನು ತುಟಿ ಎರಡು ಮಾಡಲ್ಲ."

"ಆಯ್ತು," ಅಂದಳು ರುಹೀನಾ ಅಡುಗೆಮನೆಯಿಂದ.

"ಬರ್ಕೊಂಡೆ," ಅಂದಳು ನುಜಹತ್.

ಮಾವ ಎದ್ದವರು ಮತ್ತೆ ಕೂತರು. "ಹಂಗಾದ್ರೆ ನಾಳೆನೂ ಇದ್ದು ನೋಡಿ ಹೋಗ್ತೀನಿ," ಅಂದರು.

ಮರುದಿನ ಸಂಜೆ ಅಜಾನ್ ಆಯಿತು. ಖರ್ಜೂರ, ನೀರು, ಗಂಜಿ. ಮೊದಲ ಗುಟುಕಿಗೇ ತಿಳಿಯಿತು, ಉಪ್ಪಿಲ್ಲ. ಕಡಿಮೆ ಅಲ್ಲ, ಇಲ್ಲವೇ ಇಲ್ಲ. ತಲೆ ಎತ್ತಿದರೆ ಮೂವರೂ ಬಟ್ಟಲು ಹಿಡಿದು ನನ್ನನ್ನೇ ನೋಡುತ್ತಿದ್ದಾರೆ. ಉಪ್ಪಿನ ಡಬ್ಬಿ ದಸ್ತರಖಾನಿನ ಮಧ್ಯದಲ್ಲೇ ಇದೆ. ಕೈ ಚಾಚಿದರೆ ಆಕ್ಷೇಪ ಎತ್ತಿದಂತೆ.

"ಹೆಂಗೈತೆ?" ಎಂದು ಮಾವ ಕೇಳಿದರು.

"ಹದವಾಗೈತೆ ಮಾಮು," ಅಂದೆ.

ಮಾವ ಒಂದು ಗುಟುಕು ಕುಡಿದರು. ಆಮೇಲೆ ನಿಧಾನವಾಗಿ ಉಪ್ಪಿನ ಡಬ್ಬಿ ತೆಗೆದು ತಮ್ಮ ಬಟ್ಟಲಿಗೆ ಚಿಟಿಕೆ ಹಾಕಿಕೊಂಡರು, ಮಗಳಿಗೆ ಕೊಟ್ಟರು, ಮೊಮ್ಮಗಳಿಗೆ ಕೊಟ್ಟರು. ಅವರಿಂದ ವಾಪಸು ತೆಗೆದುಕೊಂಡು, ಮುಚ್ಚಳ ಹಾಕಿ, ತಮ್ಮ ಬೆನ್ನ ಹಿಂದೆ ಇಟ್ಟುಕೊಂಡರು. ನಾನು ನನ್ನ ಬಟ್ಟಲನ್ನು ಕೊನೆಯ ಹನಿಯವರೆಗೂ ಕುಡಿದು ಕೆಳಗಿಟ್ಟೆ. ಅತ್ತಿತ್ತ ಒಂದು ಬೆರಳೂ ಸರಿಸದೆ, ಎದುರಿಗೇ ಇಟ್ಟೆ.

"ಇನ್ನೊಂದು ಬಟ್ಟಲು ಹಾಕವ್ವ," ಅಂದರು ಮಾವ ಮಗಳಿಗೆ. "ಅಳಿಯಂದ್ರಿಗೆ ಬಹಳ ಹಿಡಿಸೈತೆ."

ರುಹೀನಾ ಬಡಿಸಿದಳು. ಒಂದು ವರ್ಷದಿಂದ ಮಂಕಾಗಿದ್ದ ಮುಖದಲ್ಲಿ ಆ ನಗು ನೋಡಿ, ಎರಡನೇ ಬಟ್ಟಲನ್ನೂ ಎತ್ತಿದೆ.

"ಅಬ್ಬಾ, ನ್ಯಾಮತಿ ಬಸ್ಸಿಗೆ ಹೊತ್ತಾಯ್ತಲ್ಲ," ಅಂದಳು ರುಹೀನಾ.

"ಬಸ್ಸು ಯಾಕೆ?" ಅಂದರು ಮಾವ, ಮೊಮ್ಮಗಳ ಹೊಸ ದಿಂಬನ್ನು ಬೆನ್ನಿಗೆ ಕೊಟ್ಟುಕೊಂಡು. "ಈದ್ ಮುಗಿಸ್ಕೊಂಡೇ ಹೋಗ್ತೀನಿ."

ಈದ್‌ಗೆ ಇನ್ನೂ ಹದಿನೇಳು ರೋಜಾ ಬಾಕಿ ಇದ್ದವು.